ಪೂಜಿತಾ ಗಿಫ್ಟೆಡ್ ಆದ ಪ್ರಕರಣ

ಹೊಸಪೇಟೆಯ ಕಚೇರಿಗಳ ಎದುರಿನ ಸಾಲಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು ಮನುಷ್ಯರನ್ನು ಮುಖದಿಂದ ಗುರುತಿಸುವುದಿಲ್ಲ, ಕಾಗದದಿಂದ ಗುರುತಿಸುತ್ತಾನೆ. ಬಸವಕುಮಾರನ ಪಾಲಿಗೆ ಊರಿನ ಅರ್ಧ ಜನ ಪಹಣಿಯವರು, ಇನ್ನರ್ಧ ಜನ ಆಧಾರ್‌ನವರು. ದಿನವಿಡೀ ಪರರ ಕಾಗದಗಳಿಗೆ ಲ್ಯಾಮಿನೇಷನ್ ಹಾಕಿ ಹೊಳಪು ಕೊಡುತ್ತಿದ್ದ ಅವನಿಗೆ ಒಂದೇ ಕೊರಗು: ಲ್ಯಾಮಿನೇಷನ್ ಹಾಕಬೇಕು ಅನ್ನಿಸುವಂಥ ಸ್ವಂತದ ಕಾಗದ ಒಂದೂ ಇರಲಿಲ್ಲ. ಬಿ.ಕಾಂ. ಅಂಕಪಟ್ಟಿ ಇತ್ತು, ನಿಜ. ಆದರೆ ಅದರಲ್ಲಿದ್ದ ಅಂಕಗಳು ಹೊಳಪನ್ನು ತಡೆದುಕೊಳ್ಳುವಷ್ಟು ಗಟ್ಟಿಯಾಗಿರಲಿಲ್ಲ.

ಅಂಥದೊಂದು ಕಾಗದ ಕೊನೆಗೂ ಅವನ ಐದು ವರ್ಷದ ಮಗಳಿಂದ ಬಂತು.

ಪೂಜಿತಾ ಪ್ರಶ್ನೆ ಕೇಳುವ ಮಗು. ಎಲ್ಲ ಮಕ್ಕಳೂ ಕೇಳುತ್ತಾರೆ, ಆದರೆ ಉತ್ತರ ಸಿಕ್ಕ ಮೇಲೆ ಸುಮ್ಮನಾಗುತ್ತಾರೆ. ಇವಳು ಉತ್ತರಕ್ಕೇ ಪ್ರಶ್ನೆ ಕೇಳುತ್ತಿದ್ದಳು. ಯುಕೆಜಿ ಟೀಚರು ಬಸವಕುಮಾರನನ್ನು ಕರೆಸಿ, "ಸೇಬಿಗೆ ಬಣ್ಣ ಹಾಕು ಅಂದ್ರ, ಒಳಗಿನ ಬಣ್ಣನಾ ಹೊರಗಿನ ಬಣ್ಣನಾ ಅಂತಾಳ್ರಿ. ಹೊರಗಿಂದು ಅಂದ್ರ, ಕತ್ತಲಾಗ ಅದು ಯಾವ ಬಣ್ಣ ಇರತೈತಿ ಅಂತಾಳ. ಉಳಿದ ಹುಡುಗ್ರು ಬಣ್ಣ ಬಿಟ್ಟು ಲೈಟ್ ಆಫ್ ಮಾಡ್ರಿ ಅಂತ ಕುಂತಾರ. ಯಾರಿಗಾದ್ರೂ ತೋರಸ್ರಿ" ಎಂದು ಕೈಮುಗಿದರು.

ಈ ಪ್ರಶ್ನೆಗಳಿಗೆ ದಣಿಯದ ಜೀವ ಲೋಕದಲ್ಲಿ ಒಂದೇ ಇತ್ತು: ಕಂಪ್ಲಿ ತಾಲ್ಲೂಕಿನ ಮೆಟ್ರಿಯಲ್ಲಿದ್ದ ತಾತ ಕೊಟ್ರಯ್ಯ. ಬಸವಕುಮಾರನ ಅಣ್ಣ ಈಶ್ವರ ಅಲ್ಲಿ ಕಾಲುವೆ ಕೆಳಗಿನ ಗದ್ದೆ ನೋಡಿಕೊಂಡು ತಂದೆಯ ಜೊತೆಗಿದ್ದ. ಪ್ರತಿ ಭಾನುವಾರ ಪೂಜಿತಾ ಅಲ್ಲಿಗೆ ಹೋಗಬೇಕು, ಈಶ್ವರನ ಏಳು ವರ್ಷದ ಮಗಳು ಸ್ಫೂರ್ತಿಯ ಜೊತೆ ಆಡಬೇಕು, ತಾತನನ್ನು ಪ್ರಶ್ನೆ ಕೇಳಬೇಕು. ವಾರದ ಉಳಿದ ದಿನಗಳು ಅವಳ ಲೆಕ್ಕದಲ್ಲಿ ಭಾನುವಾರಕ್ಕೆ ಕಾಯುವ ಬಸ್‌ಸ್ಟ್ಯಾಂಡು.

"ತಾತಾ, ಕಾಲುವಿ ನೀರು ರಾತ್ರಿನೂ ಹರೀತೈತಾ?"

"ಹರೀತೈತಿ."

"ಅದಕ್ಕ ನಿದ್ದಿ ಬರಂಗಿಲ್ಲಾ?"

"ಅದಕ್ಕ ಬ್ಯಾಸಿಗಿಯೊಳಗ ಬಂದ್ ಮಾಡ್ತಾರ. ಆವಾಗ ಮಲಗತೈತಿ."

ಕೊಟ್ರಯ್ಯನ ಉತ್ತರಗಳು ಸರಿಯೋ ತಪ್ಪೋ ಅನ್ನುವುದು ಬೇರೆ ಮಾತು. ತಡವಂತೂ ಆಗುತ್ತಿರಲಿಲ್ಲ.

ಇರಲಿ. ಟೀಚರ ಮಾತಿಗೆ ಹೆದರಿ ಬಸವಕುಮಾರ ಮತ್ತು ಅವನ ಹೆಂಡತಿ ತ್ರಿವೇಣಿ ಮಗಳನ್ನು ಪಂಪಾವತಿ ಎಂಬ ಮನಃಶಾಸ್ತ್ರದ ಮೇಡಂ ಹತ್ತಿರ ಕರೆದೊಯ್ದರು. ಮೇಡಂ ಚೌಕದ ತುಂಡುಗಳನ್ನು ಜೋಡಿಸಲು ಕೊಟ್ಟರು, ಚಿತ್ರ ತೋರಿಸಿದರು, ಮಾತಾಡಿಸಿದರು. ಒಂದು ಗುರುವಾರ ವರದಿ ಕೈಗಿತ್ತು, "ಹೆದರೋದು ಏನಿಲ್ರಿ. ಐಕ್ಯೂ ನೂರಾ ಮೂವತ್ತೆರಡು ಬಂದೈತಿ. ಗಿಫ್ಟೆಡ್ ಅಂತೀವಲ್ಲ, ಆ ಸಾಲಿನಾಗ ಬರ್ತಾಳ. ಆದ್ರ ನಂಬರ್ ನೋಡಿ ಹಿಗ್ಗಬ್ಯಾಡ್ರಿ, ಊರಿಗೆಲ್ಲಾ ಹೇಳಬ್ಯಾಡ್ರಿ. ಬರೋ ವಾರ ಶನಿವಾರ ಮಗುವಿನ ಹತ್ರ ಇರೋ ಮನಿಮಂದಿ ಎಲ್ಲಾ ಬರ್ರಿ. ಇದರ ಅರ್ಥ ಏನು ಅಂತ ಕುಂತು ಬಿಡಿಸಿ ಹೇಳ್ತೀನಿ" ಎಂದರು.

ಬಸವಕುಮಾರ ಬಹಳ ಗಂಭೀರವಾಗಿ ತಲೆಯಾಡಿಸಿದ. ಊರಿಗೆಲ್ಲಾ ಹೇಳಬೇಡಿ ಎಂದರೆ ಮೊದಲು ಮೆಟ್ರಿಗೆ ಹೇಳಿ ಅಂತ ಅರ್ಥ ಎಂದು ಮೆಟ್ಟಿಲು ಇಳಿಯುವಷ್ಟರಲ್ಲಿ ಅವನಿಗೆ ಹೊಳೆದಿತ್ತು.

ಫೋನು ಎತ್ತಿದವಳು ಈಶ್ವರನ ಹೆಂಡತಿ ಕೊಟ್ರಬಸಮ್ಮ. ಗದ್ದೆಯಲ್ಲಿ ಭತ್ತ ಕೊಯ್ಯುವ ಮಷೀನು ಗುಡುಗುತ್ತಿತ್ತು.

"ಅತ್ತಿಗೀ, ನಮ್ಮ ಪೂಜಿತಾ ಗಿಫ್ಟೆಡ್!"

"ಏನು? ಗಿಫ್ಟ್ ಡೀಡಾ?"

"ಹೂಂ, ಗಿಫ್ಟೆಡ್, ಗಿಫ್ಟೆಡ್!"

"ಯಾರ ಹೆಸರಿಗೆ?"

"ಪೂಜಿತಾಂದೇ ಹೆಸರು! ಮೇಡಂ ಸೈನ್ ಹಾಕಿ ಸೀಲ್ ಹೊಡ್ದು ಈಗ ಕೈಗೆ ಕೊಟ್ರು."

"ಯಾವ್ದು? ಎಷ್ಟು?"

"ನೂರಾ ಮೂವತ್ತೆರಡು!"

ಇಲ್ಲಿ ಓದುಗರಿಗೆ ಒಂದು ಸಂಗತಿ ತಿಳಿಸಬೇಕು. ಕೊಟ್ರಯ್ಯನ ಕಾಲುವೆ ಕೆಳಗಿನ ಗದ್ದೆಯ ಸರ್ವೆ ನಂಬರೂ ನೂರಾ ಮೂವತ್ತೆರಡು. ಲೋಕದಲ್ಲಿ ಅಂಕಿಗಳಿಗೇನು ಬರವಿಲ್ಲ. ಆದರೆ ಮೇಡಂ ವರದಿಯಲ್ಲಿ ಬಂದದ್ದೂ ಅದೇ. ಇನ್ನು ದಾನಪತ್ರಕ್ಕೆ ಗಿಫ್ಟ್ ಡೀಡು ಎನ್ನುವುದು ಈ ಸೀಮೆಯ ಮನೆಮಾತು. ಗಿಫ್ಟೆಡ್ ಎಂಬ ಪದ ಮಾತ್ರ ಮೆಟ್ರಿಗೆ ಅಂದೇ ಮೊದಲ ಸಲ ಬಂದಿಳಿದದ್ದು.

"ನೂರಾ ಮೂವತ್ತೆರಡು ಪೂರ್ತಿನಾ?" ಕೊಟ್ರಬಸಮ್ಮನ ದನಿ ಸೀಳಿತು.

"ಪೂರ್ತಿ! ಎಲ್ಲಾ ನಮ್ಮ ಅಪ್ಪನ ಕಡಿಂದಾನ ಬಂದದ್ದು ಅತ್ತಿಗಿ!"

ಫೋನು ಕಟ್ಟಾಯಿತು. "ಸಂತೋಷಕ್ಕ ಮಾತು ಹೊರಡಲಿಲ್ಲ, ಪಾಪ" ಎಂದು ಬಸವಕುಮಾರ ಹೆಂಡತಿಗೆ ಹೇಳಿ, ನೇರವಾಗಿ ಅಂಗಡಿಗೆ ಹೋಗಿ ವರದಿಗೆ ದಪ್ಪನೆಯ ಲ್ಯಾಮಿನೇಷನ್ ಹಾಕಿದ.

ಸಂಜೆಗೆ ಈಶ್ವರನ ಫೋನು ಬಂತು. ತಮ್ಮನ ಮೇಲೆ ಎಂದೂ ದನಿ ಎತ್ತದವನು ಅವನು. ಅಂದು ಎತ್ತಿದ.

"ಬಸ್ಯಾ, ನಮ್ಮ ಸ್ಫೂರ್ತಿ ಏನು ತಪ್ಪು ಮಾಡಿತ್ತಲೇ? ಆಕಿಗೆ ಪಾಲಿಲ್ಲೇನು?"

"ಅಣ್ಣಾ, ಇದು ಪಾಲು ಹಚ್ಚಿಕೊಳ್ಳೋದಲ್ಲ. ಹುಟ್ಟಿದಾಗಿಂದ ಬಂದಿರೋದು."

"ಹುಟ್ಟಿದಾಗಿಂದ! ಐದು ವರ್ಷ ಬಾಯಿ ಮುಚ್ಕೊಂಡು ಇದ್ರಿ?"

"ನಮಗೂ ಇವತ್ತ ಗೊತ್ತಾಗಿದ್ದು ಅಣ್ಣಾ. ಟೀಚರು ಹೇಳಿದ್ದಕ್ಕ ಹೊರಗ ಬಿತ್ತು."

"ಟೀಚರಿಗೂ ಗೊತ್ತು, ನನಗ ಗೊತ್ತಿಲ್ಲ! ಇದು ಬಗೆಹರಿಯೋತನಕ ನಿಮ್ಮ ಹುಡುಗಿ ಮೆಟ್ರಿ ಕಡಿ ಬರೋದು ಬ್ಯಾಡ. ಭಾನುವಾರನೂ ಬ್ಯಾಡ, ಯಾವ ವಾರನೂ ಬ್ಯಾಡ."

ಬಸವಕುಮಾರ ಫೋನು ಇಟ್ಟು ಹೆಂಡತಿಯ ಕಡೆ ತಿರುಗಿದ. "ನೋಡು ತ್ರಿವೇಣಿ, ಮಗು ಶಾಣ್ಯಾ ಆತಂದ್ರ ಮೊದಲು ಸ್ವಂತದವರಿಗೇ ಹೊಟ್ಟಿ ಉರೀತೈತಿ."

"ನೀವು ಫೋನಿನಾಗ ಏನೇನ್ ಒದರಿದ್ರಿ?"

"ಇದ್ದದ್ದು ಇದ್ದಂಗ ಹೇಳೀನಿ."

ಅದು ಸತ್ಯವೇ. ಅವನ ಮಾತಿನಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ.

ಅತ್ತ ಮೆಟ್ರಿಯಲ್ಲಿ ಈಶ್ವರ ಕಟ್ಟೆಯ ಮೇಲೆ ಕೂತಿದ್ದ ತಂದೆಯ ಮುಂದೆ ನಿಂತ. "ಅಪ್ಪಾ, ಪೂಜಿ ಹೆಸರಿಗೆ ಗಿಫ್ಟ್ ಡೀಡ್ ಮಾಡೀಯೇನು?"

ಕೊಟ್ರಯ್ಯ ಇಂಥದೇನೂ ಮಾಡಿರಲಿಲ್ಲ. ಇಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಮನೆಯಲ್ಲಿ ಅವನನ್ನು ಯಾರಾದರೂ ಏನಾದರೂ ಕೇಳಿ ಎಷ್ಟೋ ಕಾಲವಾಗಿತ್ತು. ಯಾವ ಭತ್ತ ಹಾಕಬೇಕು, ಯಾವ ಮಷೀನು ಕರೆಸಬೇಕು, ಎಲ್ಲವೂ ಅವನನ್ನು ಕೇಳದೆಯೇ ತೀರ್ಮಾನವಾಗುತ್ತಿತ್ತು. ಈಗ ಕೇಳಿದ್ದಾರೆ, ಅದೂ ಜೋರು ಮಾಡಿ!

"ಮಾಡಿದ್ರ ನಿನ್ನ ಕೇಳಬೇಕಿತ್ತೇನು?" ಎಂದ ಕೊಟ್ರಯ್ಯ.

ಅಂದು ರಾತ್ರಿಯ ಊಟಕ್ಕೆ ಅವನ ರೊಟ್ಟಿಯ ಮೇಲೆ ತುಪ್ಪ ಬಂತು. ಬೆಳಿಗ್ಗೆ ಕೊಟ್ರಬಸಮ್ಮ ಕೇಳದೆಯೇ ಎರಡನೇ ಸಲ ಚಹಾ ತಂದು, "ಮಾವಾರ, ಅದನ್ನ ತಿರುಗಿ ಬದಲಿ ಮಾಡಾಕ ಬರತೈತೇನ್ರಿ?" ಎಂದು ಮೆತ್ತಗೆ ಕೇಳಿದಳು. ಬದಲಿ ಮಾಡಲು ಕೊಟ್ರಯ್ಯನ ಹತ್ತಿರ ಯಾವ ಪತ್ರವೂ ಇರಲಿಲ್ಲ. ಆದರೆ ಹೂಂ ಅಂದರೂ ಉಹೂಂ ಅಂದರೂ ತುಪ್ಪ ನಿಲ್ಲುತ್ತದೆ ಎಂಬಷ್ಟು ತಿಳಿದಿತ್ತು. "ನೋಡೋಣು" ಎಂದ.

ಈ "ನೋಡೋಣು"ವನ್ನು ಹೊತ್ತು ಈಶ್ವರ ಬಾಂಡ್ ರೈಟರ್ ಉಚ್ಚೆಂಗೆಪ್ಪನಿಗೆ ಫೋನು ಹಚ್ಚಿದ. ಊರ ಪತ್ರಗಳನ್ನೆಲ್ಲ ಬರೆಯುವ ಉಚ್ಚೆಂಗೆಪ್ಪ ಕೂರುವುದು ಬಸವಕುಮಾರನ ಅಂಗಡಿಯ ನೆರಳಿನಲ್ಲೇ. ಅವನು ಸದ್ದಿಲ್ಲದೆ ವಿಚಾರಣೆಗೆ ಇಳಿದ. ಉಚ್ಚೆಂಗೆಪ್ಪ ಸದ್ದಿಲ್ಲದೆ ಮಾತಾಡಿದರೆ ಬಸ್‌ಸ್ಟ್ಯಾಂಡಿನವರೆಗೆ ಮಾತ್ರ ಕೇಳಿಸುತ್ತದೆ.

"ಏನಪಾ ಬಸವಕುಮಾರ, ಮಗಳದು ಗಿಫ್ಟ್ ಡೀಡ್ ಆತಂತ?"

"ಆತು ಉಚ್ಚೆಂಗೆಪ್ಪಣ್ಣ, ನಿಮಗೂ ಗೊತ್ತಾತಾ!" ಬಸವಕುಮಾರನ ಮುಖ ಅರಳಿತು.

"ಮೈನರ್ ಐತಲ್ಲ ಮಗು. ಗಾರ್ಡಿಯನ್ ಯಾರು?"

"ನಾನ ಇನ್ಯಾರು."

"ಎಲ್ಲಾ ಕ್ಲಿಯರ್ ಐತೇನು?"

"ಎಲ್ಲಾ ಮಸ್ತ್ ಐತಿ. ಪ್ರೋಸೆಸಿಂಗ್ ಒಂದು ಸ್ವಲ್ಪ ಸ್ಲೋ ಐತಂತ ಬರ್ದಾರ."

"ಪ್ರೋಸೆಸಿಂಗ್ ಬಿಡಪಾ, ಅದು ಯಾವ ಆಫೀಸಿನಾಗ ಫಾಸ್ಟ್ ಐತಿ?" ಎಂದ ಉಚ್ಚೆಂಗೆಪ್ಪ ಅನುಭವದಿಂದ. "ತಕರಾರು ಯಾರರ ಹಾಕಿದ್ರ?"

"ಹಾಕಿದ್ರ ಏನಾಗತೈತಿ? ಲ್ಯಾಮಿನೇಷನ್ ಮಾಡೀನಿ!"

ಆ ಧೈರ್ಯ ಕಂಡು ಉಚ್ಚೆಂಗೆಪ್ಪ ಬೆವತ. ಈಶ್ವರನಿಗೆ ಫೋನು ಮಾಡಿ, "ಪಕ್ಕಾ ಆಗೇತಿ. ನಿನ್ನ ತಮ್ಮನ್ನ ನಾವು ಪೆದ್ದ ಅಂದ್ಕೊಂಡಿದ್ವಿ ನೋಡು, ನಾವೇ ಪೆದ್ದರು" ಎಂದ.

ಭಾನುವಾರ ಬಂತು. ಪೂಜಿತಾ ಎದ್ದವಳೇ ಚಪ್ಪಲಿ ಹಾಕಿಕೊಂಡು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದ ತಮ್ಮ ಸಣ್ಣ ಮನೆಯ ಬಾಗಿಲಲ್ಲಿ ನಿಂತಳು.

"ಇವತ್ತು ಹೋಗಂಗಿಲ್ಲ ಪೂಜಿ" ಎಂದಳು ತ್ರಿವೇಣಿ.

"ಯಾಕ?"

ತ್ರಿವೇಣಿ ಗಂಡನ ಮುಖ ನೋಡಿದಳು. ಬಸವಕುಮಾರ ಮಗಳ ತಲೆ ಸವರಿ, "ಯಾಕಂದ್ರ ನೀನು ಗಿಫ್ಟೆಡ್ ಅದೀಯಲ್ಲ ಪುಟ್ಟಿ. ದೊಡ್ಡಪ್ಪಗ ಅದಕ್ಕ ಸಿಟ್ಟು ಬಂದೈತಿ. ಹೋಗ್ಲಿ ಬಿಡು, ಬರೋ ಭಾನುವಾರದಿಂದ ನಿನಗ ಶಾಣ್ಯಾ ಮಕ್ಕಳ ಸ್ಪೆಷಲ್ ಕ್ಲಾಸ್ ಐತಿ. ಹೆಸರು ಬರೆಸಾಕ ಮಾತಾಡಿ ಬಂದೀನಿ. ಪ್ರತಿ ಭಾನುವಾರ ಅಲ್ಲೇ" ಎಂದ.

ಪೂಜಿತಾ ಯೋಚಿಸಿದಳು. "ಹಂಗಾದ್ರ ಅದು ನನಗ ಬ್ಯಾಡಪ್ಪಾ. ವಾಪಸ್ ಕೊಟ್ಟು ಬಾ."

ಆ ವಾರ ಗಲ್ಲಿಯ ಜನ ಬಂದು ಬಂದು ಮಗುವನ್ನು ನೋಡಿದರು. ಒಬ್ಬರು ಮಗ್ಗಿ ಹೇಳು ಎಂದರು, ಒಬ್ಬರು ರಾಜಧಾನಿಗಳ ಹೆಸರು ಕೇಳಿದರು, ಪಕ್ಕದ ಮನೆಯ ಗುಡ್ಡಪ್ಪ ತನ್ನ ಕಳೆದುಹೋದ ಎಮ್ಮೆ ಯಾವ ದಿಕ್ಕಿಗೆ ಹೋಗಿದೆ ಎಂದು ಕೇಳಿದ. ಪೂಜಿತಾ ಯಾವುದಕ್ಕೂ ಬಾಯಿ ಬಿಡಲಿಲ್ಲ. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಅವಳಾಗಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಡಿಗೆಮನೆಯಲ್ಲಿ ಒಗ್ಗರಣೆ ಸಿಡಿದರೆ ಯಾಕೆ ಸಿಡಿಯಿತೆಂದು ಕೇಳುವವರಿಲ್ಲದೆ ತ್ರಿವೇಣಿಗೆ ಕೈಯೇ ಓಡಲಿಲ್ಲ. ಟೀಚರು ಫೋನು ಮಾಡಿ, "ಈಗ ಸರಿ ಹೋಗ್ಯಾಳ್ರಿ, ಸೇಬಿಗೆ ಸುಮ್ನ ಕೆಂಪು ಹಚ್ಚಿದ್ಲು" ಎಂದು ಖುಷಿಪಟ್ಟರು. ತ್ರಿವೇಣಿ ಆ ಫೋನು ಇಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬಸವಕುಮಾರ ಅದನ್ನು ಆನಂದಬಾಷ್ಪ ಎಂದುಕೊಂಡ.

ಮೇಡಂ ಮನೆಮಂದಿಯನ್ನೆಲ್ಲ ಕರೆದಿದ್ದರಲ್ಲ. ಶುಕ್ರವಾರ ಬಸವಕುಮಾರ ಅಣ್ಣನಿಗೆ ಫೋನು ಮಾಡಿ ಆದಷ್ಟು ವಿನಯದಿಂದ, "ನಾಳೆ ಮೇಡಂ ಎಲ್ಲಾರ್ನೂ ಕರೆದಾರ ಅಣ್ಣಾ. ಅಪ್ಪನ್ನ ಕರ್ಕೊಂಡು ಬಾ. ಎಲ್ಲಾ ಓದಿ, ಬಿಡಿಸಿ ಹೇಳ್ತಾರ" ಎಂದ.

"ಬರ್ತೀನಿ. ನಮ್ಮ ಕಡಿ ಮನುಷ್ಯಾನ್ನೂ ಕರ್ಕೊಂಡ ಬರ್ತೀನಿ" ಎಂದ ಈಶ್ವರ.

ಹೀಗಾಗಿ ಶನಿವಾರ ಪಂಪಾವತಿ ಮೇಡಂ ಬಾಗಿಲಿಗೆ ಈಶ್ವರ, ಕೊಟ್ರಬಸಮ್ಮ, ಇಸ್ತ್ರಿ ಮಾಡಿದ ಪಂಚೆಯ ಕೊಟ್ರಯ್ಯ, ಕಂಕುಳಲ್ಲಿ ಫೈಲು ಇಟ್ಟುಕೊಂಡ ಉಚ್ಚೆಂಗೆಪ್ಪ ಬಂದು ಸೇರಿದರು. ಬೋರ್ಡಿನ ಮೇಲೆ "ಮನಃಶಾಸ್ತ್ರಜ್ಞೆ" ಎಂದಿತ್ತು. ಈಶ್ವರ ತಬ್ಬಿಬ್ಬಾದ. ಉಚ್ಚೆಂಗೆಪ್ಪ ಮಾತ್ರ ಕ್ಷಣದಲ್ಲಿ ಅರ್ಥ ಮಾಡಿಕೊಂಡು ಅವನ ಕಿವಿಯಲ್ಲಿ, ಅಂದರೆ ಬೀದಿಗೆಲ್ಲ ಕೇಳುವಂತೆ, ಹೇಳಿದ: "ದಾನಪತ್ರದಾಗ ಏನಂತ ಬರೀತೀವಿ? ಸ್ವಸ್ಥ ಬುದ್ಧಿಯಿಂದ ಬರೆದುಕೊಟ್ಟಿದ್ದು ಅಂತ. ನಾಳೆ ನೀನು ಕೋರ್ಟಿಗೆ ಹೋದ್ರ? ಅದಕ್ಕ ಮುದುಕನ ಬುದ್ಧಿ ಸರಿ ಐತಿ ಅಂತ ಇವತ್ತ ಸರ್ಟಿಫಿಕೇಟ್ ತಗೊಂಡು ಇಟ್ಕೋತಾನ. ಏನು ತಲಿ ಮಾರಾಯ ನಿನ್ನ ತಮ್ಮಂದು!"

"ಯಾರಲೇ ಮುದುಕ?" ಎಂದ ಕೊಟ್ರಯ್ಯ. "ಯಾರ ಬುದ್ಧಿ ನೋಡ್ತಾರ?"

ಒಳಗೆ ಎಲ್ಲರೂ ಕೂತರು. ಪೂಜಿತಾ ಓಡಿಬಂದು ತಾತನ ಮಗ್ಗುಲು ಹಿಡಿದಳು, ದೊಡ್ಡಪ್ಪನ ಮುಖ ನೋಡಿ ಹಿಡಿದದ್ದನ್ನು ಬಿಟ್ಟಳು. ಬಸವಕುಮಾರ ಹೊಳೆಯುವ ವರದಿಯನ್ನು ಮೇಜಿನ ಮೇಲಿಟ್ಟ.

ಮೇಡಂ ಅದನ್ನು ಎರಡೂ ಕಡೆ ತಿರುವಿ ನೋಡಿದರು. "ಇದಕ್ಕ ಯಾಕ್ರಿ ಪ್ಲಾಸ್ಟಿಕ್ ಹಾಕಿಸಿದ್ರಿ?"

"ಪರ್ಮನೆಂಟ್ ಇರಲಿ ಅಂತ ಮೇಡಂ."

"ಇದು ಪರ್ಮನೆಂಟ್ ಅಲ್ರಿ. ಐದು ವರ್ಷದ ಮಗುದು ಇದು. ಒಂದೆರಡು ವರ್ಷ ಬಿಟ್ಟು ತಿರುಗಿ ನೋಡಿದ್ರ ಹೆಚ್ಚೂ ಆಗಬೌದು, ಕಮ್ಮಿನೂ ಆಗಬೌದು."

"ಕಮ್ಮಿ ಆಗಬೌದಂತ!" ಕೊಟ್ರಬಸಮ್ಮ ಗಂಡನಿಗೆ ಮೊಣಕೈಯಿಂದ ತಿವಿದಳು.

ಈಶ್ವರ ಎದ್ದು ನಿಂತ. "ಮೇಡಂ, ಕಮ್ಮಿ ಹೆಚ್ಚು ಮಾತು ಬ್ಯಾಡ. ಇದನ್ನ ಪೂರಾ ಕ್ಯಾನ್ಸಲ್ ಮಾಡ್ರಿ."

"ಗಿಫ್ಟೆಡ್ ಅನ್ನೋದನ್ನ ಕ್ಯಾನ್ಸಲ್ ಮಾಡಾಕ ಹೆಂಗ ಬರತೈತ್ರಿ?"

"ಬರತೈತಿ" ಎಂದ ಉಚ್ಚೆಂಗೆಪ್ಪ ಫೈಲು ಬಿಚ್ಚುತ್ತ. "ಕೊಟ್ಟವರು, ತಗೊಂಡವರು ಇಬ್ರೂ ಒಪ್ಪಿ ಸೈನ್ ಮಾಡಿದ್ರ ಬರತೈತಿ."

"ಕೊಟ್ಟವರು ಯಾರು? ದೇವರು ಕೊಟ್ಟಿದ್ದು" ಎಂದರು ಮೇಡಂ.

"ದೇವರು ಸೈನ್ ಮಾಡ್ಯಾನೇನ್ರಿ ಇದಕ್ಕ?" ಈಶ್ವರ ಮೇಜು ಕುಟ್ಟಿದ. "ನಾನು ನೋಡೀನಿ ಇಲ್ಲಿ, ತೊಂಬತ್ತೆಂಟು ಪರ್ಸೆಂಟ್ ಅಂತ ಬರ್ದಾರ. ತೊಂಬತ್ತೆಂಟು ಆಕಿಗೆ, ನಮಗ ಎರಡು! ಎರಡು ಪರ್ಸೆಂಟ್ ಅಂದ್ರ ಎಷ್ಟಾಗತೈತಿ ಉಚ್ಚೆಂಗೆಪ್ಪಣ್ಣ?"

"ಬದು ಬರತೈತಿ" ಎಂದ ಉಚ್ಚೆಂಗೆಪ್ಪ ಲೆಕ್ಕ ಹಾಕಿ. "ಮಗ್ಗಲ ಹೊಲದವರು ಒಪ್ಪಿದ್ರ."

ಬದು ಎಂಬ ಮಾತು ಕಿವಿಗೆ ಬಿದ್ದದ್ದೇ ತ್ರಿವೇಣಿ ತಲೆ ಎತ್ತಿದಳು. ಗಂಡನನ್ನು ನೋಡಿದಳು, ಭಾವನನ್ನು ನೋಡಿದಳು, ವರದಿಯ ಮೇಲಿನ ಅಂಕಿಯನ್ನು ನೋಡಿದಳು. "ಭಾವಾರ, ಒಂದು ನಿಮಿಷ. ನಮ್ಮ ಗದ್ದಿ ಸರ್ವೆ ನಂಬರ್ ಎಷ್ಟ್ರೀ?"

"ನೂರಾ ಮೂವತ್ತೆರಡು. ಗೊತ್ತಿಲ್ಲದವರ ಗತೆ ಕೇಳ್ತೀಯಲ್ಲವ್ವ!"

ತ್ರಿವೇಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಣಿಯತೊಡಗಿತು. ಅಳುತ್ತಿದ್ದಾಳೆಂದು ಕೊಟ್ರಬಸಮ್ಮ ಗಾಬರಿಯಾದಳು. "ಗಿಫ್ಟೆಡ್ ಅಂದ್ರ ಗಿಫ್ಟ್ ಡೀಡ್ ಅಲ್ರೀ ಅಕ್ಕಾ" ಎಂದಳು ತ್ರಿವೇಣಿ ಉಸಿರು ಸಿಕ್ಕ ಮೇಲೆ. "ನೂರಾ ಮೂವತ್ತೆರಡು ಅಂದ್ರ ಗದ್ದಿ ಅಲ್ಲ. ಪೂಜಿಯ ಬುದ್ಧಿ ನಂಬರ್ ಅದು!"

ಈಶ್ವರ ನಿಧಾನವಾಗಿ ತಂದೆಯ ಕಡೆ ತಿರುಗಿದ. "ಅಪ್ಪಾ, ನೀನು ಮಾಡೀನಿ ಅಂದಿ?"

"ಮಾಡಿದ್ರ ಅಂದೆ" ಎಂದ ಕೊಟ್ರಯ್ಯ ಮೀಸೆ ತಿರುವಿ. "ಮಾಡೀನಿ ಅನ್ನಲಿಲ್ಲ."

ಕೊಟ್ರಬಸಮ್ಮ ಮನಸ್ಸಿನಲ್ಲೇ ತುಪ್ಪದ ಡಬ್ಬಿಯ ಮುಚ್ಚಳ ಹಾಕಿದಳು. ಉಚ್ಚೆಂಗೆಪ್ಪ ಫೈಲು ಕಟ್ಟಿ, ತನಗೆ ಮೊದಲೇ ಅನುಮಾನವಿತ್ತು ಎಂದ. ಬಸವಕುಮಾರ ಇನ್ನೂ ಯಾರ ಗದ್ದೆ, ಯಾವ ಬದು ಎಂದು ಒಬ್ಬೊಬ್ಬರ ಮುಖ ನೋಡುತ್ತಲೇ ಇದ್ದ.

ಮೇಡಂ ನಕ್ಕು ಮುಗಿಸಿ, ವರದಿಯನ್ನು ತಮ್ಮ ಕಡೆ ಎಳೆದುಕೊಂಡರು. "ಈಗ ನಾನು ಹೇಳ್ಲಿ? ಇದು ತೊಂಬತ್ತೆಂಟು ಪರ್ಸೆಂಟ್ ಅಲ್ಲ, ಪರ್ಸೆಂಟೈಲ್. ಈಕಿ ವಯಸ್ಸಿನ ನೂರು ಮಕ್ಕಳನ್ನ ಸಾಲಾಗಿ ನಿಲ್ಲಿಸಿದ್ರ, ತೊಂಬತ್ತೆಂಟು ಮಂದಿ ಈಕಿಗಿಂತ ಹಿಂದ ನಿಲ್ತಾರ, ಅಷ್ಟ. ಮಾತಿನಾಗ, ವಿಚಾರದಾಗ ಭಾಳ ಮುಂದ ಅದಾಳ. ಪ್ರೋಸೆಸಿಂಗ್ ಸ್ಲೋ ಅಂದ್ರ, ಪಟಪಟ ಬರೆಯೋದು, ಬಣ್ಣ ಹಚ್ಚೋದು ಎಲ್ಲಾರಂಗ. ಅದು ತಪ್ಪಲ್ಲ, ಬೈಬ್ಯಾಡ್ರಿ."

"ಮತ್ತ ಭಾನುವಾರದ ಸ್ಪೆಷಲ್ ಕ್ಲಾಸಿಗೆ ಹಾಕಿಬಿಡ್ಲಾ ಮೇಡಂ?" ಬಸವಕುಮಾರನಿಗೆ ಈ ಒಂದು ದಾರಿ ಸ್ಪಷ್ಟವಿತ್ತು.

"ಒಂದು ಹೇಳ್ರಿ. ಈಕಿ ಯಾರ ಹತ್ರ ಭಾಳ ಪ್ರಶ್ನೆ ಕೇಳ್ತಾಳ?"

ಎಲ್ಲರೂ ಕೊಟ್ರಯ್ಯನನ್ನು ನೋಡಿದರು.

"ಯಾರ ಜೊತಿ ಆಡ್ತಾಳ?"

"ನಮ್ಮ ಸ್ಫೂರ್ತಿ ಜೊತಿ" ಎಂದಳು ಕೊಟ್ರಬಸಮ್ಮ ಸಣ್ಣ ದನಿಯಲ್ಲಿ.

"ಇಂಥ ಮಕ್ಕಳಿಗೆ ಬೇಕಾಗೋದು ಅದ ನೋಡ್ರಿ. ದಣಿಯದೆ ಕೇಳಿಸ್ಕೊಳ್ಳೋ ದೊಡ್ಡವರು, ಒಂದೆರಡು ವರ್ಷ ದೊಡ್ಡ ಗೆಳತಿ. ಸ್ಕೂಲಿನವರ ಜೊತಿ ನಾನು ಮಾತಾಡ್ತೀನಿ, ಆಕಿ ಪ್ರಶ್ನೆಗೆ ಅಲ್ಲೂ ಜಾಗ ಮಾಡಬೇಕು. ಆದ್ರ ಇರೋದನ್ನ ಕಿತ್ಕೊಂಡು ಕ್ಲಾಸಿಗೆ ಯಾಕ ಹಾಕ್ತೀರಿ? ಹೋದ ಭಾನುವಾರ ಹೋಗಿದ್ಲಾ?"

ಈಶ್ವರ ನೆಲ ನೋಡಿದ. ಬಸವಕುಮಾರನೂ ನೆಲ ನೋಡಿದ. ಅಣ್ಣತಮ್ಮಂದಿರು ಒಂದೇ ಕೆಲಸವನ್ನು ಇಷ್ಟು ಒಮ್ಮತದಿಂದ ಮಾಡಿ ಬಹಳ ದಿನಗಳಾಗಿದ್ದವು.

ಆಗ, ಆ ಭಾನುವಾರದ ನಂತರ ಮೊದಲ ಸಲ, ಪೂಜಿತಾ ಬಾಯಿ ತೆರೆದಳು.

"ಮೇಡಂ, ತೊಂಬತ್ತೆಂಟು ಮಂದಿ ಹಿಂದ ಅದಾರಲ್ಲ. ನಾನು ಬಿಟ್ರ ಮುಂದ ಇನ್ನೂ ಒಬ್ರು ಇರ್ತಾರಲ್ಲ. ಅವರು ಎಲ್ಲಿ ಅದಾರ?"

ತ್ರಿವೇಣಿ ಗಂಡನ ತೋಳು ಗಟ್ಟಿಯಾಗಿ ಹಿಡಿದಳು.

"ಎಲ್ಲಿ ಬೇಕಾದ್ರೂ ಇರಬೌದು ಪುಟ್ಟಿ. ಸಂಡೂರಿನಾಗ, ಹಂಪಿಯಾಗ. ಯಾಕ?"

"ಅವರಿಗೆ ಬ್ಯಾಸರ ಆಗಿರತೈತಿ. ಮುಂದ ಒಬ್ರ ನಿಂತಿರ್ತಾರ."

ಈಶ್ವರ ಪೂಜಿತಾಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ನಾಳಿ ಮೆಟ್ರಿಗೆ ಬಾ. ಸ್ಫೂರ್ತಿ ಜೊತಿ ಕೂಡಿ ಹುಡುಕ್ರಿ. ನಾನ ಬಂದು ಗಾಡಿ ಮ್ಯಾಲ ಕರ್ಕೊಂಡು ಹೋಗ್ತೀನಿ."

"ಹುಡುಕೋದು ಯಾಕ?" ಎಂದು ಕೊಟ್ರಯ್ಯ ಎದ್ದ. "ಆ ಇನ್ನೊಬ್ಬ ನಾನ. ಬುದ್ಧಿ ನೋಡಿಸಾಕ ಅಂತ ಕರ್ಕೊಂಡು ಬಂದೀರಿ, ನೋಡದ ಕಳಿಸ್ತೀರೇನು? ಮೇಡಂ, ನನಗೂ ಟೆಸ್ಟ್ ಹಚ್ಚಿರಿ."

ಮೇಡಂ ಟೆಸ್ಟಿನ ಪೆಟ್ಟಿಗೆ ಮುಟ್ಟಲಿಲ್ಲ. ಆಟದ ಕಟ್ಟಿಗೆ ತುಂಡುಗಳಿದ್ದ ಬುಟ್ಟಿಯನ್ನು ಮಕ್ಕಳ ಮೇಜಿನ ಮೇಲಿಟ್ಟು, ಪರೀಕ್ಷೆ ಮಾಡುವ ಕೆಲಸವನ್ನು ಪೂಜಿತಾಗೆ ವಹಿಸಿದರು. ಕೊಟ್ರಯ್ಯ ಇಸ್ತ್ರಿಯ ಪಂಚೆ ಸಮೇತ ಮಂಡಿ ಗದ್ದಕ್ಕೆ ತಾಗುವಂಥ ಕುರ್ಚಿಯಲ್ಲಿ ಕುಕ್ಕರಿಸಿ, ಅರ್ಧ ಕೆಂಪು ಅರ್ಧ ಬಿಳುಪಿನ ಒಂದು ತುಂಡನ್ನು ಕಣ್ಣಿನ ಹತ್ತಿರ ಹಿಡಿದ.

"ಪೂಜೀ, ಇದು ಅರ್ಧ ಯಾಕ ಕೆಂಪು ಐತಿ?"

ಪೂಜಿತಾ ಒಂದು ಕ್ಷಣವೂ ತಡೆಯಲಿಲ್ಲ.

"ಅದಕ್ಕ ಸಿಟ್ಟು ಬಂದಿತ್ತು ತಾತಾ, ದೊಡ್ಡಪ್ಪಗ ಬಂದಂಗ. ಅರ್ಧ ಹೋಗೇತಿ. ನಾಳಿ ಭಾನುವಾರ ಅಲ್ಲಾ, ಉಳಿದದ್ದೂ ಹೋಗತೈತಿ."

ಈಶ್ವರ ಹೊರಗೆ ಗಾಡಿ ನೋಡಿಬರುತ್ತೇನೆಂದು ಎದ್ದುಹೋದ. ಗಾಡಿ ನಿಲ್ಲಿಸಿದಲ್ಲೇ ಇತ್ತು. ಅವನು ಅದನ್ನು ಬಹಳ ಹೊತ್ತು, ಒಳಗಿನವರಿಗೆ ಬೆನ್ನು ತಿರುಗಿಸಿ ನಿಂತು, ನೋಡಿದ.